ಆತಿಫನ ಕಾರಿನ ಚಕ್ರಗಳು

ಹೆಣ್ಣು ಕೇಳಲು ಹೋಗುವ ಶುಕ್ರವಾರಕ್ಕೆ ಇನ್ನೂ ಒಂದು ವಾರವಿತ್ತು. ಆ ವಾರವನ್ನು ಹೇಗೆ ಕಳೆಯುವುದೆಂದು ನನ್ನ ತಮ್ಮ ಆತಿಫನಿಗೆ ತಿಳಿಯಲಿಲ್ಲ. ಕೂತರೆ ಕಾಲು ಅಲ್ಲಾಡಿಸುತ್ತಿದ್ದ, ಎದ್ದರೆ ಬಾಗಿಲಿಗೂ ಕಿಟಕಿಗೂ ನಡುವೆ ತಿರುಗುತ್ತಿದ್ದ. ಚಹಾ ಕೊಟ್ಟರೆ ಅರ್ಧ ಕುಡಿದು ಲೋಟವನ್ನು ಎಲ್ಲೋ ಇಟ್ಟು ಮರೆಯುತ್ತಿದ್ದ. ಪುಸ್ತಕದ ಕಪಾಟಿನಿಂದ, ಬಚ್ಚಲಮನೆಯ ಕಿಟಕಿಯಿಂದ ನಾನು ಲೋಟಗಳನ್ನು ಹೆಕ್ಕಿ ತರುತ್ತಿದ್ದೆ. ಬೇಸಿಗೆ ರಜೆ ಬೇರೆ. ಶಾಲೆ ಇದ್ದಿದ್ದರೆ ಹುಡುಗರಿಗೆ ನದಿ, ಪರ್ವತ ಎಂದು ಭೂಗೋಳ ಹೇಳುತ್ತ ಮಧ್ಯಾಹ್ನದವರೆಗಾದರೂ ಹೇಗೋ ದೂಡುತ್ತಿದ್ದ.

ನಾನು ರಸ್ಮಿಯಾ, ಅವನ ಅಕ್ಕ. ಗಂಡ ತಲಾಖ್ ಕೊಟ್ಟ ಮೇಲೆ ಝರ್ಕಾ ಪಟ್ಟಣದ ಈ ಅಪ್ಪನ ಮನೆಗೆ ಒಂದು ಪೆಟ್ಟಿಗೆ ಹಿಡಿದು ಬಂದವಳು ಇಲ್ಲೇ ಉಳಿದುಬಿಟ್ಟೆ. ಅಪ್ಪ ಹೋದರು, ಅಮ್ಮ ಹೋದರು, ಆಮೇಲೆ ಆತಿಫನ ಹೆಂಡತಿಯೂ ಹೋದಳು. ಮಕ್ಕಳಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಅವನಿಗೆ ಯಾವ ಅಂಗಿ ಎಲ್ಲಿದೆ ಎಂಬುದು ನನಗೆ ಗೊತ್ತು, ನನಗೆ ಯಾವ ಮಾತ್ರೆ ಯಾವ ಹೊತ್ತಿಗೆ ಎಂಬುದು ಅವನಿಗೆ ಗೊತ್ತು.

ಮುಂತಹಾಳ ವಿಷಯ ಶುರುವಾದದ್ದು ಪರದೆಯಿಂದ. ಹೊರಕೋಣೆಯ ಪರದೆ ಬಿಸಿಲಿಗೆ ಸುಟ್ಟು ಹರಿದಿತ್ತು. ಪೇಟೆಯಲ್ಲಿ ಪರದೆ ಹೊಲಿಯುವ ಅಂಗಡಿ ಇಟ್ಟುಕೊಂಡ ಒಬ್ಬ ವಿಧವೆ ಇದ್ದಾಳೆ, ಕೆಲಸ ಚೊಕ್ಕವಾಗಿ ಮಾಡುತ್ತಾಳೆ ಎಂದು ಯಾರೋ ಹೇಳಿದ್ದರು. ಕಿಟಕಿಯ ಅಳತೆ ಬರೆದುಕೊಂಡು ಆತಿಫ್ ಹೋದ. ಪರದೆ ಬಂತು, ಗಿಡ್ಡವಾಯಿತು. ಇನ್ನೊಮ್ಮೆ ಅಳೆದುಕೊಂಡು ಹೋದ. ಈ ಸಲ ಅಗಲ ಸಾಲದಾಯಿತು. ಮೂರನೆಯ ಸಲ ಅವನು ಟೇಪು ಹಿಡಿದು ಕಿಟಕಿಯ ಮುಂದೆ ನಿಂತಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಅವನು ಅಳೆಯುತ್ತಲೇ ಇರಲಿಲ್ಲ. ಟೇಪಿನ ತುದಿ ಹಿಡಿದುಕೊಂಡು ತನ್ನಷ್ಟಕ್ಕೆ ನಗುತ್ತಿದ್ದ. ಅವನು ಹಾಗೆ ನಕ್ಕದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಮರುದಿನ ನಾನೇ ಅಂಗಡಿಗೆ ಹೋಗಿ ಅವಳನ್ನು ನೋಡಿದೆ. ಎತ್ತರದ ಹೆಂಗಸು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು. ತಿಂಗಳು ಕಳೆದು ಅವಳ ಮನೆಗೆ ಹೋಗಿ ಮೊದಲ ಮಾತು ಎತ್ತಿದವಳೂ ನಾನೇ. ಹೆಂಗಸರ ಮಾತು ಮುಗಿಯಿತು. ಇನ್ನು ಗಂಡಸರು ಹಿರಿಯರನ್ನು ಮುಂದೆ ಮಾಡಿಕೊಂಡು ಹೋಗಿ, ಕಾಫಿ ಮುಂದಿಟ್ಟುಕೊಂಡು, ಕೇಳುವುದು ಬಾಕಿ.

ಶನಿವಾರ ಬೆಳಿಗ್ಗೆ ಆತಿಫ್ ಕಾರು ತೊಳೆಯಲು ಹೋದ. ಅದು ಹಳೆಯ ಜರ್ಮನ್ ಕಾರು, ಅಪ್ಪನ ಕಾಲ ಮುಗಿಯುವ ಹೊತ್ತಿಗೆ ಕೊಂಡದ್ದು. ಮೈ ಇನ್ನೂ ಗಟ್ಟಿ, ಚಕ್ರಗಳು ಮಾತ್ರ ಕೆಟ್ಟಿದ್ದವು. ಅಲ್ಯೂಮಿನಿಯಂ ಚಕ್ರದ ಮೇಲೆ ಕಾರ್ಖಾನೆಯಲ್ಲೇ ಗಾಜಿನಂಥ ಒಂದು ತೆಳು ಪದರ ಹಚ್ಚಿರುತ್ತಾರಂತೆ. ಅದು ಹಳದಿಯಾಗಿ, ಅಲ್ಲಲ್ಲಿ ಸುಲಿದು, ಒಳಗೆ ಬಿಳಿ ಹುಳ ಹರಿದಾಡಿದ ಹಾಗೆ ಗೆರೆಗಳೆದ್ದಿದ್ದವು. ಎಷ್ಟು ತೊಳೆದರೂ ಕೊಳೆ ಮೆತ್ತಿದಂತೆಯೇ ಕಾಣುತ್ತಿತ್ತು. ಇಷ್ಟು ವರ್ಷ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅವತ್ತು ಬಿತ್ತು.

ಒಳಗೆ ಬಂದವನೇ, ಈ ಚಕ್ರ ಇಟ್ಟುಕೊಂಡು ಅವಳ ಮನೆ ಮುಂದೆ ಹೋಗಿ ಇಳಿಯಲು ಆಗುವುದಿಲ್ಲ ಎಂದ. ಅವರು ಹುಡುಗನನ್ನು ನೋಡುತ್ತಾರೋ ಚಕ್ರವನ್ನೋ ಎಂದು ಕೇಳಿದೆ. ಹುಡುಗ ಎಂದದ್ದಕ್ಕೆ ಅವನಿಗೆ ನಾಚಿಕೆಯಾಯಿತು, ಆದರೂ ಪಟ್ಟು ಬಿಡಲಿಲ್ಲ. ಗ್ಯಾರೇಜಿಗೆ ಕೊಟ್ಟು ಬಾ ಎಂದೆ. ಅವರು ಎರಡು ವಾರ ಕೇಳುತ್ತಾರೆ ಎಂದ. ಮಧ್ಯಾಹ್ನದ ಹೊತ್ತಿಗೆ ಪೇಟೆಯಿಂದ ಒಂದು ಚೀಲ ತುಂಬ ಸಾಮಾನು ತಂದು ಅಂಗಳದಲ್ಲಿ ಸುರಿದ. ಬಣ್ಣ ಕೀಳುವ ಔಷಧದ ಡಬ್ಬಿ, ದಪ್ಪ ಕೈಗವಸು, ಕುಂಚಗಳು, ಪದರ ಕೆರೆಯುವ ಪ್ಲಾಸ್ಟಿಕ್ ಅಲಗು, ಒರಟಿನಿಂದ ನಯದವರೆಗೆ ಉಜ್ಜಲು ಬಗೆಬಗೆಯ ಉಪ್ಪುಕಾಗದ. ಮೊಳೆ ಹೊಡೆಯಲು ಹೋಗಿ ಗೋಡೆ ಬಿರಿಸುವ ಮನುಷ್ಯ ಇವನು. ಫೋನಿನಲ್ಲಿ ಯಾರೋ ಮಾಡುವುದನ್ನು ನೋಡಿ ಕಲಿತಿದ್ದಾನಂತೆ.

ಜಾಕಿ ಕೊಟ್ಟು ಕಾರನ್ನು ಎತ್ತಿ, ಒಂದು ಚಕ್ರ ಬಿಚ್ಚಿ, ನಿಂಬೆಗಿಡದ ನೆರಳಿನಲ್ಲಿ ಎರಡು ಇಟ್ಟಿಗೆಯ ಮೇಲೆ ಮಲಗಿಸಿದ. ರಬ್ಬರಿಗೆ ತಾಗದಂತೆ ಸುತ್ತ ಟೇಪು ಅಂಟಿಸಿದ. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ನಾತ ಅಡುಗೆಮನೆಗೂ ಬಂತು. ಅಂಟಿನಂಥ ಆ ಔಷಧವನ್ನು ಕುಂಚದಿಂದ ದಪ್ಪಗೆ ಬಳಿದು, ಒಣಗದಿರಲೆಂದು ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ. ನಾನು ಮೂಗಿಗೆ ತಲೆವಸ್ತ್ರದ ತುದಿ ಹಿಡಿದುಕೊಂಡು ನೋಡಲು ಹೋದೆ. ಸ್ವಲ್ಪ ಹೊತ್ತಿಗೆ ಹಾಳೆಯ ಕೆಳಗೆ ಆ ಪದರ ಕಾಯಿಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಮೇಲೆದ್ದಿತು. ಆತಿಫ್ ಅದನ್ನು ಮೆಲ್ಲಗೆ ಕೆರೆದು ತೆಗೆಯುವಾಗ ಮಗುವಿನ ಹಾಗೆ ನನ್ನ ಮುಖ ನೋಡಿದ.

"ನೋಡಿದ್ಯಾ ಅಕ್ಕಾ, ಹೇಗೆ ಬಿಟ್ಕೊಳ್ತು" ಅಂದ.

"ನೋಡ್ದೆ. ಗೇಟಿನ ಬಣ್ಣವೂ ಬಿಟ್ಕೊಳ್ತಾ ಇದೆ, ಅದನ್ನೂ ನೋಡು" ಅಂದೆ.

ಕುಂಚ ಝಾಡಿಸಿದಾಗ ಹನಿ ಸಿಡಿದು ಕಬ್ಬಿಣದ ಗೇಟಿನ ಹಸಿರು ಬಣ್ಣ ಬೊಬ್ಬೆ ಬೊಬ್ಬೆಯಾಗಿ ಎದ್ದಿತ್ತು. ತೊಳೆದ ನೀರು ಹರಿದು ನನ್ನ ಪುದೀನ ಎರಡು ದಿನದಲ್ಲಿ ಸತ್ತಿತು. ಅದಕ್ಕೆ ನಾನು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತೇನೋ. ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ನೆಮ್ಮದಿ ಕೆಟ್ಟಿದ್ದು ಅವನಿಗೊಬ್ಬನಿಗೇ ಅಲ್ಲ. ಅವಳು ಬಂದ ಮೇಲೆ ನಾನು ಯಾವ ಕೋಣೆಯಲ್ಲಿರುತ್ತೇನೆ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಡುಗೆಮನೆಯಲ್ಲಿ ನಿಂತರೆ, ಈ ಡಬ್ಬಗಳನ್ನೆಲ್ಲ ಅವಳು ಬೇರೆ ಸಾಲಿನಲ್ಲಿ ಇಡುತ್ತಾಳೆ ಅನ್ನಿಸುತ್ತಿತ್ತು. ಒಂದು ಮಧ್ಯಾಹ್ನ ಕಪಾಟು ತೆಗೆದು ನನ್ನ ಬಟ್ಟೆಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿದೆ, ಸುಮ್ಮನೆ ನೋಡಿದೆ, ಮಡಿಸಿ ಮತ್ತೆ ಅಲ್ಲೇ ಇಟ್ಟೆ.

ಆತಿಫ್ ಮಾತ್ರ ಉಜ್ಜುತ್ತಲೇ ಇದ್ದ. ಪದರ ಎದ್ದುಹೋದ ಮೇಲೆ ಒರಟು ಕಾಗದ, ಆಮೇಲೆ ನಯದ್ದು, ಇನ್ನೂ ನಯದ್ದು, ಎಲ್ಲವೂ ನೀರು ಹಾಕಿಕೊಂಡೇ. ಕೊನೆಗೆ ಪಾಲಿಷ್ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದರೆ ಬಟ್ಟೆ ಕಪ್ಪಾಗುತ್ತಿತ್ತು, ಚಕ್ರ ಕನ್ನಡಿಯಾಗುತ್ತಿತ್ತು. ಅವನ ಬೆರಳ ತುದಿಗಳು ಸವೆದು, ಫೋನು ಅವನ ಬೆರಳಚ್ಚು ಗುರುತಿಸುವುದನ್ನು ಬಿಟ್ಟಿತು. ಮಂಗಳವಾರದ ಹೊತ್ತಿಗೆ ಮೂರು ಚಕ್ರ ಮುಗಿದಿದ್ದವು. ಬರೀ ಲೋಹ ಗಾಳಿಗೆ ಬಿಟ್ಟರೆ ಬೇಗ ಮಬ್ಬಾಗುತ್ತದೆ, ಇನ್ನು ಮೇಲೆ ಆಗಾಗ ತಿಕ್ಕುತ್ತಲೇ ಇರಬೇಕು ಎಂದು ಅವನೇ ಹೇಳಿದ. ಹಾಗಾದರೆ ಆ ಪದರ ಇದ್ದದ್ದೇ ವಾಸಿಯಲ್ಲವೇ ಎಂದೆ. ಅವನು ಬಟ್ಟೆ ಮಡಚಿ ಮತ್ತೆ ತಿಕ್ಕತೊಡಗಿದ. ಬಹುಶಃ ತಿಕ್ಕಲು ಏನಾದರೂ ಉಳಿದಿರುವುದೇ ಅವನಿಗೆ ಬೇಕಾಗಿತ್ತು.

ಬುಧವಾರ ಬೆಳಿಗ್ಗೆ ನಾಲ್ಕನೆಯ ಚಕ್ರಕ್ಕೆ ಕೈ ಹಾಕಿದ. ಅವತ್ತು ಸೆಕೆ ಜಾಸ್ತಿ. ಕಣ್ಣಿಗೆ ಹಾಕಿಕೊಂಡ ಪ್ಲಾಸ್ಟಿಕ್ ಕನ್ನಡಕ ಬೆವರಿಗೆ ಮಂಜಾಗುತ್ತದೆಂದು ಅದನ್ನು ಹಣೆಯ ಮೇಲಕ್ಕೆ ಸರಿಸಿಕೊಂಡಿದ್ದ. ಔಷಧ ಬಳಿದು, ಸಂದಿಗಳಿಗೆ ಇಳಿಯಲೆಂದು ಗಡುಸು ಕುಂಚದಿಂದ ತಿಕ್ಕುತ್ತಿದ್ದ. ನಾನು ಒಳಗೆ ಅನ್ನ ತುಂಬಿ ಬೇಯಿಸಲು ಸೋರೆಯಂಥ ಪುಟ್ಟ ಕೂಸಾಕಾಯಿಯ ತಿರುಳು ತೆಗೆಯುತ್ತ ಕಿಟಕಿಯ ಬಳಿ ಕೂತಿದ್ದೆ. ಗೇಟು ಜೋರಾಗಿ ತೆರೆದ ಸದ್ದಾಯಿತು.

"ಉಸ್ತಾದ್ ಆತಿಫ್ ಅಂದ್ರೆ ನೀವೇನಾ?"

ಮೇಷ್ಟ್ರಿಗೆ ಹೇಳುವ ಗೌರವದ ಉಸ್ತಾದ್, ಆದರೆ ದನಿ ಕೋಪದ್ದು. ಆತಿಫ್ ಬೆಚ್ಚಿ ತಲೆಯೆತ್ತಿದ. ಬಾಗಿದ್ದ ಕುಂಚದ ಕೂದಲು ಚಿಮ್ಮಿ ಔಷಧ ಕಣ್ಣಿಗೆ ಹಾರಿತು. ಮರುಕ್ಷಣ ಅವನು ಎರಡೂ ಕೈ ಮುಖದ ಹತ್ತಿರ ಒಯ್ದು, ಮುಟ್ಟಲಾರದೆ, ಗಾಳಿಯಲ್ಲೇ ಹಿಡಿದುಕೊಂಡು ಒಂದು ವಿಚಿತ್ರ ಸದ್ದು ಮಾಡಿದ. ನಾನು ಓಡಿ ಹೊರಗೆ ಬರುವಷ್ಟರಲ್ಲಿ ಬಂದ ಯುವಕ ಅವನ ಕುತ್ತಿಗೆ ಹಿಡಿದು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿದ್ದ. ಹೊಡೆಯುತ್ತಿದ್ದಾನೆ ಅಂದುಕೊಂಡೆ ನಾನು. ಕೈಯಲ್ಲಿದ್ದ ತಿರುಳು ಕೆರೆಯುವ ಚಮಚವನ್ನು ಎತ್ತಿಯೂ ಬಿಟ್ಟೆ. ಅವನು ನನ್ನ ಕಡೆ ತಿರುಗಿ ನೋಡದೆ ನಲ್ಲಿ ಪೂರಾ ತಿರುಗಿಸಲು ಹೇಳಿದ. ಆತಿಫನ ತಲೆಯನ್ನು ಓರೆ ಮಾಡಿ, ಎರಡು ಬೆರಳಿನಿಂದ ರೆಪ್ಪೆ ಅಗಲಿಸಿ, ಪೈಪಿನ ನೀರನ್ನು ಕಣ್ಣಿಗೆ ಬಿಟ್ಟ.

"ಕಣ್ಣು ಮುಚ್ಬೇಡಿ. ಉರೀಲಿ, ಮುಚ್ಬೇಡಿ. ಆ ಕಡೆ ಈ ಕಡೆ ಆಡಿಸಿ."

ಆ ಹುಡುಗ ಮುಂತಹಾಳ ಮಗ ಬಿಶರ್. ಅವನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಎಂದು ನನಗೆ ಗೊತ್ತಿತ್ತು, ಮುಖ ಮಾತ್ರ ನೋಡಿರಲಿಲ್ಲ. ನೀರು ತುಂಬ ಹೊತ್ತು ಹರಿಯಿತು. ಇಬ್ಬರೂ ಸೊಂಟದವರೆಗೆ ಒದ್ದೆಯಾದರು. ಆತಿಫ್ ಉಸಿರು ಕಟ್ಟಿ ಕೆಮ್ಮಿದರೂ ಅವನು ಬಿಡಲಿಲ್ಲ. ಹಾಗೆ ಹಿಡಿದುಕೊಂಡೇ, ಬಹುಶಃ ಬರುವಾಗ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಬಾಯಲ್ಲಿ ಉಳಿದುಬಿಟ್ಟಿದ್ದರಿಂದ, ಅದನ್ನೂ ಹೇಳಿದ.

"ಶುಕ್ರವಾರ ನೀವು ಬರ್ಬಾರ್ದು. ಅದನ್ನ ಹೇಳೋಕ್ಕೇ ಬಂದೆ ನಾನು."

ಆತಿಫನ ಬಾಯಿ ಮೂಗಿನ ತುಂಬ ನೀರು. "ಆಯ್ತಪ್ಪ, ಬರಲ್ಲ" ಅಂದ.

ಬಿಶರ್ ಅವನ ತಲೆಯನ್ನು ಇನ್ನಷ್ಟು ಓರೆ ಮಾಡಿದ. ನೀರು ಹಾಕುತ್ತಲೇ ಇದ್ದ.

ಅವನ ಪುಟ್ಟ ಕಾರಿನಲ್ಲೇ ಆಸ್ಪತ್ರೆಗೆ ಹೋದೆವು. ಆತಿಫ್ ಮುಂದೆ, ಕಣ್ಣಿಗೆ ಒದ್ದೆ ಬಟ್ಟೆ ಹಿಡಿದುಕೊಂಡು. ನಾನು ಹಿಂದೆ. ಬಿಶರ್ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಬೆರಳಿನಿಂದ ಸ್ಟಿಯರಿಂಗ್ ಬಡಿಯುತ್ತಿದ್ದ, ಆಮೇಲೆ ಒಮ್ಮೆ ಬಗ್ಗಿ ಆತಿಫನ ಕಣ್ಣು ನೋಡುತ್ತಿದ್ದ, ಮತ್ತೆ ಮುಖ ಗಂಟು ಹಾಕಿಕೊಳ್ಳುತ್ತಿದ್ದ. ಅವನದೇ ಆಸ್ಪತ್ರೆಯಾದ್ದರಿಂದ ಕಾಯಬೇಕಾಗಲಿಲ್ಲ. ಆತಿಫನನ್ನು ಕಣ್ಣಿನ ಡಾಕ್ಟರ ಹತ್ತಿರ ಒಳಗೆ ಕಳಿಸಿ, ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಕೂತೆವು ಎಂದರೆ, ನಾನು ಕೂತೆ. ಅವನು ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ.

ಕಣ್ಣು ಹೋಗುತ್ತದೆಯೇ ಎಂದು ಕೇಳಿದೆ. ತಕ್ಷಣ ತೊಳೆದದ್ದರಿಂದ ಉಳಿಯುತ್ತದೆ ಅಂದುಕೊಂಡಿದ್ದೇನೆ ಎಂದ. ತನ್ನಿಂದಲೇ ಹೀಗಾಯಿತೆಂದು ತಪ್ಪೊಪ್ಪಿಕೊಳ್ಳಲು ಹೋದ. ಕನ್ನಡಕವನ್ನು ಹಣೆಗೆ ಕಟ್ಟಿಕೊಂಡವನು ನನ್ನ ತಮ್ಮ, ನೀನಲ್ಲ ಎಂದೆ. ಆಗ ಅವನು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ನಿಧಾನಕ್ಕೆ ಒಂದೊಂದೇ ಮಾತು ಹೊರಬಂತು. ಅವನಿಗೂ ಮದುವೆಯ ಮಾತುಕತೆ ನಡೆದಿದೆ. ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ. ಮಗನಿಗಿಂತ ಮೊದಲು ಅಮ್ಮನ ಮದುವೆ ಎಂದು ಆ ಕಡೆಯವರು ಏನೆಂದುಕೊಳ್ಳುತ್ತಾರೆ, ವಾರ್ಡಿನಲ್ಲಿ ಗೆಳೆಯರು ಈಗಲೇ ಸಿಹಿ ಯಾವಾಗ ಎಂದು ಕೇಳಲು ಶುರುಮಾಡಿದ್ದಾರೆ. ಇಷ್ಟು ಹೇಳಿ ನಿಲ್ಲಿಸಿದ. ಅಷ್ಟೇ ಅಲ್ಲ ಎಂದು ನನಗೆ ಗೊತ್ತಾಯಿತು.

"ಡ್ಯೂಟಿ ಮುಗಿಸಿ ಬೆಳಿಗ್ಗೆ ಮನೆಗೆ ಹೋಗ್ತೀನಿ" ಅಂದ, ನೆಲ ನೋಡುತ್ತ. "ಹೊಲಿಗೆ ಮಿಷಿನ್ ಸದ್ದು ಮೆಟ್ಟಿಲಲ್ಲೇ ಕೇಳುತ್ತೆ. ಅದು ಕೇಳಿದ ಮೇಲೇ ನಂಗೆ ನಿದ್ದೆ ಬರೋದು. ಇನ್ಮೇಲೆ ಖಾಲಿ ಮನೆ."

ಅವನನ್ನು ಸಮಾಧಾನ ಮಾಡಲೆಂದು ಹತ್ತಿರ ಸರಿದೆ. ಬದಲಿಗೆ, ವಾರವಿಡೀ ಪಾತ್ರೆ ತೊಳೆದು ತೊಳೆದು ಅದುಮಿಟ್ಟುಕೊಂಡಿದ್ದು ಬಾಯಿಗೆ ಬಂತು.

"ನಂಗೂ ಈ ಮದುವೆ ಬೇಡ ಕಣಪ್ಪ."

ಅವನು ತಿರುಗಿ ನೋಡಿದ.

"ನಿಮ್ಮಮ್ಮ ಒಳ್ಳೆಯವಳು. ಆದ್ರೆ ಅವಳು ಬಂದ್ರೆ ನಾನು ಆ ಮನೇಲಿ ಯಾರು ಅಂತ ನಂಗೆ ಗೊತ್ತಾಗ್ತಿಲ್ಲ. ಮಾತ್ರೆ ತಗೊಂಡ್ಯಾ ಅಂತ ಕೇಳೋನು ಅವನೊಬ್ಬ. ಅದೂ ಹೋಗುತ್ತೆ."

"ಮತ್ತೆ ಕೇಳೋಕೆ ನೀವೇ ಬಂದ್ರಲ್ಲ ನಮ್ಮನೆಗೆ?"

"ಬಂದೆ. ಒಂದೇ ಕಿಟಕೀನ ಮೂರು ಸಲ ತಪ್ಪು ಅಳೆದ ಅವನು. ನಾನೇನು ಮಾಡ್ಲಿ."

ಬಿಶರ್‌ಗೆ ನಗು ಬಂತು, ಬಂದದ್ದಕ್ಕೆ ಅವನಿಗೇ ಸಿಟ್ಟೂ ಬಂತು. ಅಷ್ಟರಲ್ಲಿ ಡಾಕ್ಟರು ಕರೆದರು. ಕಣ್ಣಿನ ಮೇಲ್ಪದರ ಸ್ವಲ್ಪ ಸುಟ್ಟಿದೆ, ದೃಷ್ಟಿಗೆ ತೊಂದರೆಯಿಲ್ಲ, ಕೆಲವು ದಿನ ಪಟ್ಟಿ ಕಟ್ಟಿಕೊಂಡು ಹನಿ ಹಾಕಬೇಕು ಎಂದರು. ಆತಿಫ್ ಒಂದು ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡು ಹೊರಬಂದ. ಬಂದವನೇ ಬಿಶರ್‌ನ ಕೈ ಹಿಡಿದು ಉಪಕಾರ ನೆನೆದ. ಬಿಶರ್ ಕೈ ಬಿಡಿಸಿಕೊಳ್ಳಲಿಲ್ಲ. ನಮ್ಮನ್ನು ಮನೆಗೆ ಬಿಟ್ಟು ಹೊರಟುಹೋದ.

ಮನೆಗೆ ಬಂದ ಮೇಲೆ ಆತಿಫ್ ಮಾಡಿದ್ದೆಲ್ಲ ತಿರುಗಾಟವೇ. ಈಗ ಒಂದೇ ಕಣ್ಣಾದ್ದರಿಂದ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದ. ಹುಡುಗನಿಗೆ ಮಾತು ಕೊಟ್ಟಿದ್ದೇನೆ, ಹಿರಿಯರಿಗೆಲ್ಲ ಫೋನ್ ಮಾಡಿ ಬೇಡವೆಂದು ಹೇಳಬೇಕು ಎನ್ನುತ್ತಿದ್ದ. ಫೋನ್ ಕೈಗೆತ್ತಿಕೊಳ್ಳುತ್ತಿದ್ದ, ಇಡುತ್ತಿದ್ದ. ಅರ್ಧ ಸುಕ್ಕೆದ್ದ ನಾಲ್ಕನೆಯ ಚಕ್ರ ಅಂಗಳದಲ್ಲೇ ಬಿಸಿಲಿಗೆ ಒಣಗುತ್ತಿತ್ತು. ಅದರ ಕಡೆ ಅವನು ನೋಡಲಿಲ್ಲ. ಫೋನ್ ಮಾಡು ಎಂದು ನಾನು ಹೇಳಲಿಲ್ಲ, ಮಾಡಬೇಡ ಎಂದೂ ಹೇಳಲಿಲ್ಲ. ಮಾಡಿಬಿಟ್ಟರೆ ಈ ಮನೆ ಹಿಂದಿನಂತೆಯೇ ಉಳಿಯುತ್ತದೆ ಎಂಬ ಆಸೆ ಒಂದು ಕಡೆ. ಅವನ ಮುಖ ನೋಡಿದರೆ ಮಾಡದಿರಲಿ ಅನ್ನಿಸುವುದು ಇನ್ನೊಂದು ಕಡೆ.

ಗುರುವಾರ ಹತ್ತು ಗಂಟೆಗೆಲ್ಲ ಮುಂತಹಾ ಬಂದಳು. ಒಬ್ಬಳೇ, ಹಗಲಿನಲ್ಲಿ, ಬೀದಿಯವರೆಲ್ಲ ನೋಡುತ್ತಿರುವಾಗ. ಗೇಟಿನ ಬೊಬ್ಬೆಗಳನ್ನು ನೋಡಿದಳು, ಸತ್ತ ಪುದೀನ ನೋಡಿದಳು, ಇಟ್ಟಿಗೆಯ ಮೇಲಿದ್ದ ಚಕ್ರ ನೋಡಿದಳು. ಒಳಗೆ ಬಾ ಎಂದೆ. ಬರಲಿಲ್ಲ. ಮೆಟ್ಟಿಲ ಮೇಲೇ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಆತಿಫ್ ಒಳಗೆ ಪರದೆಯ ಹಿಂದೆ ನಿಂತಿದ್ದಾನೆ ಎಂದು ಇಬ್ಬರಿಗೂ ಗೊತ್ತಿತ್ತು.

"ಬರಲ್ಲ ಅಂತ ನಿಮ್ಮ ತಮ್ಮ ನನ್ನ ಮಗನಿಗೆ ಹೇಳಿದ್ದಾರೆ. ಬರ್ಬೇಡಿ ಅಂತ ನನ್ನ ಮಗ ನಿಮ್ಮ ತಮ್ಮನಿಗೆ ಹೇಳಿದ್ದಾನೆ" ಅಂದಳು. "ಇಬ್ರೂ ನಲ್ಲಿ ಕೆಳಗೆ ತೀರ್ಮಾನ ಮಾಡ್ಕೊಂಡಿದ್ದಾರೆ. ನನ್ನನ್ನ ಕೇಳೋರೇ ಇಲ್ಲ."

ಅವಳು ನನ್ನ ಕಡೆ ತಿರುಗಿದಳು.

"ನಿಮಗೂ ಬೇಡವಂತೆ."

ಹುಡುಗ ಹೇಳಿಬಿಟ್ಟಿದ್ದ. ಪರದೆಯ ಹಿಂದೆ ಏನೋ ಅಲುಗಿತು. ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಅವಳ ಕಣ್ಣು ನನ್ನ ಮೇಲೆ ಇತ್ತು, ಬಟ್ಟೆಯ ಉದ್ದ ಕಣ್ಣಳತೆಯಲ್ಲೇ ಹೇಳುವವಳ ಕಣ್ಣು.

"ಹೌದು, ಹೇಳ್ದೆ" ಎಂದೆ.

"ಒಳ್ಳೇದಾಯ್ತು" ಎಂದಳು ಮುಂತಹಾ. "ಮೊದಲ ದಿನ ನೀವು ನಮ್ಮನೆಗೆ ಬಂದು ಅಷ್ಟೊಂದು ಸಿಹಿಯಾಗಿ ಮಾತಾಡಿದ್ರಲ್ಲ, ನಂಗೆ ಭಯ ಆಗಿತ್ತು. ಈ ಹೆಂಗಸಿನ ಮನಸ್ಸಲ್ಲಿ ಏನಿದೆಯೋ ಅಂತ. ಈಗ ಗೊತ್ತಾಯ್ತಲ್ಲ."

ಆಮೇಲೆ ಅವಳು ಮಾತಾಡಿದ್ದೆಲ್ಲ ಸೀದಾ. ನಿಮ್ಮ ಕೋಣೆ ನಿಮ್ಮದೇ, ಅದಕ್ಕೆ ಕೈ ಹಾಕುವ ಯೋಚನೆ ನನಗಿಲ್ಲ. ಅಡುಗೆಮನೆಯ ವಿಷಯದಲ್ಲಿ ಮಾತ್ರ ಸುಳ್ಳು ಹೇಳಲಾರೆ, ಇಬ್ಬರೂ ಜಗಳವಾಡುತ್ತೇವೆ, ನಾನು ಅಂಗಡಿಗೆ ಹೋದ ಹೊತ್ತಿನಲ್ಲಿ ನೀವು ಡಬ್ಬಗಳನ್ನು ಮೊದಲಿನ ಜಾಗಕ್ಕೆ ಇಟ್ಟುಕೊಳ್ಳಿ, ಸಂಜೆ ನಾನು ಮತ್ತೆ ಬದಲಾಯಿಸುತ್ತೇನೆ ಎಂದಳು. ನನಗೆ ನಗು ಬಂತು, ಆದರೆ ಕಣ್ಣಲ್ಲಿ ನೀರೂ ಇತ್ತು. ಒಂಬತ್ತು ವರ್ಷ ಮಗನಿಗಾಗಿ, ಸತ್ತ ಗಂಡನ ಅಣ್ಣತಮ್ಮಂದಿರ ಬಾಯಿಗೆ ಹೆದರಿ ಬದುಕಿದ್ದೇನೆ, ಈ ಮೇಷ್ಟ್ರು ಮೂರನೆಯ ಸಲ ಅಂಗಡಿಗೆ ಬಂದ ದಿನ ನಾನೂ ಬೇಕೆಂದೇ ಬಟ್ಟೆ ಗಿಡ್ಡ ಕತ್ತರಿಸಿದೆ ಎಂದಳು. ಅದನ್ನು ದನಿ ತಗ್ಗಿಸಿ, ಪರದೆಯ ಹಿಂದಿನವನಿಗೆ ಕೇಳದಂತೆ ಹೇಳಿದಳು.

ಎದ್ದು ನಿಂತಾಗ ಮಾತ್ರ ಕಿಟಕಿಯ ಕಡೆ ತಿರುಗಿ, ಕೇಳುವ ಹಾಗೆ ಹೇಳಿದಳು. "ಉಸ್ತಾದ್, ನಾಳೆ ಸಾಯಂಕಾಲ ಅಸರ್ ನಮಾಜ್ ಆದ್ಮೇಲೆ ಕಾಫಿಗೆ ಇಟ್ಟಿರ್ತೀನಿ. ಮಗನ ಹತ್ರ ನಾನು ಮಾತಾಡಲ್ಲ. ಅವನು ದೊಡ್ಡವನಾಗಿದ್ದಾನೆ, ಎಲ್ಲರ ಮುಂದೆ ಏನು ಹೇಳ್ಬೇಕು ಅನ್ನೋದು ಅವನಿಗೇ ಬಿಟ್ಟಿದ್ದು. ಬರೋ ಧೈರ್ಯ ಇದ್ರೆ ಬನ್ನಿ."

ಇದು ನೆಮ್ಮದಿ ಕೊಡುವ ಮಾತಾಗಿರಲಿಲ್ಲ. ಮುಂತಹಾಳ ತಂದೆ, ಅಣ್ಣ ಯಾರೂ ಉಳಿದಿಲ್ಲ. ಮನೆಯ ಗಂಡಸಾಗಿ ಹೂಂ ಎನ್ನಬೇಕಾದವನು ಬಿಶರೇ. ಹಿರಿಯರೆಲ್ಲ ಹೋಗಿ ಕೂತು, ಅವನು ಆಗುವುದಿಲ್ಲ ಎಂದರೆ, ಝರ್ಕಾದಲ್ಲಿ ಆತಿಫ್ ತಲೆಯೆತ್ತಿ ನಡೆಯುವ ಹಾಗಿರಲಿಲ್ಲ. ಅವತ್ತು ಸಂಜೆ ಹನಿ ಹಾಕಲು ಹೋದರೆ ಆತಿಫ್ ರೆಪ್ಪೆ ಮುಚ್ಚಿ, ಔಷಧ ಕೆನ್ನೆಗೆ ಬಿತ್ತು. ನಾಲ್ಕು ಸಲ ಪ್ರಯತ್ನಿಸಿ ಬಿಟ್ಟೆ. ಆಗ ಗೇಟಿನ ಸದ್ದಾಯಿತು. ಬಿಶರ್ ಬಂದಿದ್ದ. ಯಾರ ಮುಖವನ್ನೂ ನೋಡದೆ ಆತಿಫನನ್ನು ಕುರ್ಚಿಯ ಮೇಲೆ ಕೂರಿಸಿ, ಪಟ್ಟಿ ಬಿಚ್ಚಿ, ಹನಿ ಹಾಕಿ, ಹೊಸ ಪಟ್ಟಿ ಕಟ್ಟಿದ. ಶುಕ್ರವಾರದ ಬಗ್ಗೆ ಒಂದು ಮಾತೂ ಇಲ್ಲ. ಊಟ ಮಾಡಿ ಹೋಗು ಎಂದೆ, ಡ್ಯೂಟಿ ಇದೆ ಎಂದ. ಹೋಗುವಾಗ ಅಂಗಳದಲ್ಲಿ ನಿಂತು ಮೂರು ಹೊಳೆಯುವ ಚಕ್ರಗಳನ್ನೂ ಆ ನಾಲ್ಕನೆಯದನ್ನೂ ನೋಡಿದ. ಹೊಳೆಯುತ್ತಿದ್ದ ಒಂದನ್ನು ಕಾಲ ತುದಿಯಿಂದ ಮೆಲ್ಲಗೆ ಮುಟ್ಟಿದ. ಅದರಿಂದ ಏನು ತಿಳಿಯಬೇಕೆಂದು ನಾವಿಬ್ಬರೂ ಬಹಳ ಹೊತ್ತು ಯೋಚಿಸಿದೆವು, ಏನೂ ತಿಳಿಯಲಿಲ್ಲ.

ಶುಕ್ರವಾರ ನಮ್ಮ ಚಿಕ್ಕಪ್ಪ, ಎಂಬತ್ತು ದಾಟಿದವರು, ಜರಿ ಅಂಚಿನ ನಿಲುವಂಗಿ ತೊಟ್ಟು ಬಂದರು. ಮಾತು ಎತ್ತಬೇಕಾದವರು ಅವರೇ. ಅರ್ಧ ಒಣಗಿದ ಔಷಧ ಅಂಟಿದ್ದ ನಾಲ್ಕನೆಯ ಚಕ್ರವನ್ನು ತೊಳೆದು ಹಾಗೇ ಜೋಡಿಸಿದ್ದಾಯಿತು. ಒಂದು ಕಣ್ಣಿನ ಆತಿಫ್ ಓಡಿಸುವ ಹಾಗಿರಲಿಲ್ಲ, ಚಿಕ್ಕಪ್ಪನ ಮಗ ಓಡಿಸಿದ. ಅವನು ಹೋಗಿ ನಿಲ್ಲಿಸಿದ್ದು ಸರಿಯಾಗಿ ಆ ಕೆಟ್ಟ ಚಕ್ರ ಮುಂತಹಾಳ ಮನೆಯ ಬಾಗಿಲಿಗೆ ಎದುರಾಗುವ ಹಾಗೆ. ಆತಿಫ್ ಇಳಿದು ಅದನ್ನು ನೋಡಿದ, ನನ್ನನ್ನು ನೋಡಿದ. ಇನ್ನೇನು ಮಾಡುವುದು, ನಡೆ ಎಂದೆ.

ಗಂಡಸರು ಹೊರಕೋಣೆಯಲ್ಲಿ, ನಾವು ಹೆಂಗಸರು ಒಳಗೆ. ನಡುವೆ ಬಾಗಿಲು ಒಂದು ಗೇಣು ತೆರೆದಿತ್ತು. ಏಲಕ್ಕಿಯ ಪರಿಮಳದ ಕಹಿ ಕಾಫಿ ಬಗ್ಗಿಸಿದ ಸದ್ದು, ಚಿಕ್ಕಪ್ಪ ಬಟ್ಟಲನ್ನು ತುಟಿಗೆ ತಾಗಿಸದೆ ಮುಂದೆ ಇಟ್ಟ ಸದ್ದು ಕೇಳಿತು. ಅವರು ದೇವರನ್ನು ನೆನೆದು, ಎರಡೂ ಮನೆಗಳ ಹಿರಿಯರನ್ನು ನೆನೆದು, ಕೇಳಬೇಕಾದದ್ದನ್ನು ಕೇಳಿದರು. ನೀನು ಕೊಟ್ಟರೆ ಮಾತ್ರ ಈ ಕಾಫಿ ಕುಡಿಯುತ್ತೇವೆ ಎಂದರು.

ಯಾರೋ ಕೆಮ್ಮಿದರು. ಕುರ್ಚಿಯೊಂದು ಕಿರುಗುಟ್ಟಿತು. ನಾನು ಎದ್ದು ನಿಂತೆ, ಮತ್ತೆ ಕೂತೆ. ಮುಂತಹಾ ಮಾತ್ರ ತನ್ನ ತೋಳಿನ ಅಂಚಿನ ಹೊಲಿಗೆಯ ಮೇಲೆ ಉಗುರಿನಿಂದ ಹಿಂದಕ್ಕೂ ಮುಂದಕ್ಕೂ ಗೀರುತ್ತಿದ್ದಳು. ಬಾಗಿಲ ಸಂದಿಯಿಂದ ನನಗೆ ಆತಿಫನ ಮೊಣಕಾಲು ಕಾಣುತ್ತಿತ್ತು. ಅದು ಒಂದೇ ಸಮನೆ ಅಲ್ಲಾಡುತ್ತಿತ್ತು.

"ಉಸ್ತಾದ್ ಕಣ್ಣಿಗೆ ಈ ಹೊತ್ತಿನ ಹನಿ ಹಾಕಿದ್ರಾ?" ಎಂದಿತು ಬಿಶರ್‌ನ ದನಿ.

ಇಲ್ಲ ಎಂದ ಆತಿಫ್.

"ಮೊದಲು ಹೇಳ್ಬಾರ್ದಾ." ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ ಅವನು ಹೇಳಿದ, "ಕಾಫಿ ಕುಡೀರಿ ಅಜ್ಜಾ. ನೀವು ಕೇಳೋಕೆ ಬಂದಿದ್ದನ್ನ ಕೊಟ್ಟಿದ್ದೀನಿ."

ಒಳಗೆ ಹೆಂಗಸರು ನಾಲಿಗೆ ಆಡಿಸಿ ಸಂತೋಷದ ಕೂಗು ಹಾಕಿದರು. ಮುಂತಹಾ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು. ಹೊರಗೆ ಗಂಡಸರು, ಮಾತು ಗಟ್ಟಿಯಾಯಿತೆಂದು ಫಾತಿಹಾ ಪ್ರಾರ್ಥನೆ ಓದಿದರು. ಆ ಗದ್ದಲದಲ್ಲಿ ಬಿಶರ್ ಎದ್ದು ಹೋದದ್ದನ್ನು ನಾನು ಮಾತ್ರ ನೋಡಿದೆ. ಹಿಂದೆಯೇ ಹೋದೆ. ಅವನು ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಒರಗಿ ನಿಂತಿದ್ದ, ಕಣ್ಣು ಕೆಂಪಾಗಿತ್ತು. ಕೈಯಲ್ಲಿ ಹಚ್ಚದ ಸಿಗರೇಟು. ನಾನು ಎರಡು ಮೆಟ್ಟಿಲು ಕೆಳಗೆ ಕೂತೆ.

"ಇನ್ಮೇಲೆ ನೀವೇನ್ ಮಾಡ್ತೀರಿ?" ಎಂದು ಕೇಳಿದ.

"ಗೊತ್ತಿಲ್ಲಪ್ಪ. ನೀನು?"

"ನಂಗೂ ಗೊತ್ತಿಲ್ಲ."

ಒಳಗಿಂದ ಯಾರೋ ಬಿಸಿ ಕುನಾಫಾ ಸಿಹಿಯ ತಟ್ಟೆ ತಂದರು. ಅಲ್ಲೇ ಮೆಟ್ಟಿಲ ಮೇಲೆ ಕೂತು ಇಬ್ಬರೂ ತಿಂದೆವು. ಅವನಿಗೆ ಹಸಿವಾಗಿತ್ತು.

ಮದುವೆ ಶರತ್ಕಾಲದಲ್ಲಿ ಆಯಿತು. ಆ ಹೊತ್ತಿಗೆ ಆತಿಫನ ಕಣ್ಣು ವಾಸಿಯಾಗಿತ್ತು. ನಾಲ್ಕನೆಯ ಚಕ್ರವನ್ನೂ ಅವನೇ ಮುಗಿಸಿದ, ಕನ್ನಡಕವನ್ನು ನಾನೇ ಹಗ್ಗ ಕಟ್ಟಿ ಕೂರಿಸಿದ್ದೆ. ಚಳಿಗಾಲದ ಮಳೆಗೆ ನಾಲ್ಕೂ ಮಬ್ಬಾದವು. ಈಗ ರಜೆಯ ದಿನ ಪಾಲಿಷ್ ಡಬ್ಬಿ ಹಿಡಿದು ಕೂರುತ್ತಾನೆ, ಕೂರದಿದ್ದರೆ ಮುಂತಹಾ ಕೂರಿಸುತ್ತಾಳೆ. ಲ್ಯಾಬಿನ ಹುಡುಗಿಯ ಮನೆಯವರು ಬಿಶರ್‌ಗೆ ಒಪ್ಪಿಗೆ ಕೊಟ್ಟರು. ಅವನ ಅಮ್ಮನ ಮದುವೆಯ ಬಗ್ಗೆ ಅವರು ಕೇಳಿದ್ದು, ಊಟ ಯಾವ ಅಡುಗೆಯವನದು ಎಂದು ಮಾತ್ರ. ಅವರ ಮನೆಗೆ ಮೊದಲ ಸಲ ಹೋದ ಹೆಂಗಸರಲ್ಲಿ ನಾನೂ ಇದ್ದೆ, ಬಿಶರ್ ಬಂದು ಕರೆದ. ಡ್ಯೂಟಿ ಮುಗಿದ ಕೆಲವು ಬೆಳಿಗ್ಗೆ ಅವನು ನಮ್ಮಲ್ಲಿಗೆ ಬಂದು ಹೊರಕೋಣೆಯ ದಿವಾನದ ಮೇಲೆ ಮಲಗುತ್ತಾನೆ. ಮುಂತಹಾ ಅಂಗಡಿಯ ಒಂದು ಮಿಷಿನ್ನನ್ನು ಇಲ್ಲಿಗೆ ತಂದಿಟ್ಟುಕೊಂಡಿದ್ದಾಳೆ.

ಜಗಳ ಆಗಿಲ್ಲವೆಂದಲ್ಲ. ಅನ್ನಕ್ಕೆ ಶ್ಯಾವಿಗೆ ಹುರಿದು ಹಾಕುವುದೋ ಬೇಡವೋ ಎಂಬ ಬಗ್ಗೆ ಮೊದಲ ವಾರವೇ ಮಾತು ಬಿಟ್ಟಿದ್ದೆವು. ಮಾತ್ರೆ ತಗೊಂಡ್ಯಾ ಎಂದು ಈಗ ಇಬ್ಬರು ಕೇಳುತ್ತಾರೆ, ಅದಕ್ಕೂ ನನಗೆ ಸಿಟ್ಟು ಬರುತ್ತದೆ. ಕೆಲವು ಬೆಳಿಗ್ಗೆ ನಾನು ಏಳುವ ಮೊದಲೇ ಅಡುಗೆಮನೆಯಲ್ಲಿ ಅವಳ ಹೆಜ್ಜೆ ಕೇಳುತ್ತದೆ. ಹೋಗಬೇಕೋ, ಸುಮ್ಮನೆ ಮಲಗಿರಬೇಕೋ ಎಂದು ತಿಳಿಯದೆ ಹೊರಳಾಡುತ್ತೇನೆ. ಚಹಾದ ವಾಸನೆ ಬರುತ್ತದೆ. ಆಮೇಲೆ ಎದ್ದು ಹೋಗುತ್ತೇನೆ.